ನಮ್ಮ ಜನ ಎಂದ ಮಳೆಗಾಲ

ಪಕ್ಕದ ಮನೆಯವರು ಮೊನ್ನೆ ತಾರಸಿಗೆ ಶೀಟು ಹಾಕಿಸಿದರು. ಮೇ ತಿಂಗಳ ಕೊನೆಗೆ ಉಡುಪಿಯ ಕಡೆ ಇದೇನು ಸುದ್ದಿಯಲ್ಲ. ಬೆವರು ಸುರಿಸಿ ಕಾಂಕ್ರೀಟಿನ ಮನೆ ಕಟ್ಟಿಸುತ್ತೇವೆ, ಮೊದಲ ಮಳೆಗಾಲಕ್ಕೇ ಅದು ತೊಟ್ಟಿಕ್ಕುತ್ತದೆ, ಎರಡನೆಯ ಮಳೆಗಾಲಕ್ಕೆ ಮೊದಲು ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ತಗಡು ಹೊದಿಸುತ್ತೇವೆ. ಮನುಷ್ಯರಿಗೆ ಕೊಡೆ ಹಿಡಿಯುವುದು ಎಲ್ಲ ಊರಿನಲ್ಲೂ ಉಂಟು, ಮನೆಗೇ ಕೊಡೆ ಹಿಡಿಯುವವರು ನಾವು. ಕಟ್ಟಡ ಕಟ್ಟುವುದನ್ನೇ ಓದಿಕೊಂಡ ನಾನು ಇದನ್ನು ತಮಾಷೆಯಾಗಿ ಹೇಳಬಾರದು, ಆದರೂ ಹೇಳುತ್ತೇನೆ.

ಆ ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಪಕ್ಕದ ತಾರಸಿಯಿಂದ ಗ್ರೈಂಡರಿನ ಸದ್ದು ಕೇಳಿಸಿತು, ಅದರ ಬೆನ್ನಿಗೇ ವಾಸನೆ ಬಂತು. ತಗಡು ಕತ್ತರಿಸುವಾಗ ಅದಕ್ಕೆ ಬಳಿದ ಬಣ್ಣ ಸುಟ್ಟು ಬರುವ ವಾಸನೆ, ಗಂಟಲಿಗೆ ಹಿಡಿಯುವಂಥದ್ದು. ಎದ್ದು ಹೋಗಿ ಕಿಟಕಿ ಹಾಕಿದೆ.

“ಈ ಸೆಕೆಗೆ ಕಿಟಕಿ ಯಾಕೆ ಹಾಕುದು ಮಾರಾಯ್ತಿ?” ಎಂದರು ಅಮ್ಮ.

“ಧೂಳು ಬರ್ತದೆ,” ಎಂದೆ.

ಧೂಳೇನೂ ಬರುತ್ತಿರಲಿಲ್ಲ. ನಾಲ್ಕು ವರ್ಷದಿಂದ ಆ ವಾಸನೆ ಬಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ, ಅಷ್ಟೇ. ಕೋಪವೋ ದುಃಖವೋ ಆಗಿದ್ದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದಿತ್ತು. ನಾಚಿಕೆಯನ್ನು ಹೇಳಿಕೊಳ್ಳಲು ಹೋದರೆ ಏನು ಮಾಡಿದ್ದೆ ಎನ್ನುವುದನ್ನೂ ಹೇಳಬೇಕಾಗುತ್ತದೆ. ಆದ್ದರಿಂದ ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದೆ.

ಆಗ ನಾನು ಉಡುಪಿಯ ಒಬ್ಬ ಕಂಟ್ರಾಕ್ಟರರ ಆಫೀಸಿನಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ. ದೊಡ್ಡ ಹೆಸರಿನ ಸಣ್ಣ ಕೆಲಸ. ಕಾರ್ಕಳದಲ್ಲಿ ಡಿಪ್ಲೊಮಾ ಮುಗಿಸಿ ಸೇರಿದವಳು ಅಲ್ಲೇ ಆರು ವರ್ಷ ಕಳೆದಿದ್ದೆ. ಕಂಟ್ರಾಕ್ಟರರನ್ನು ನಾವೆಲ್ಲ ಪ್ರಭಾಕರ ಸರ್ ಎನ್ನುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ. ನನ್ನ ತಂದೆ ತೀರಿಕೊಂಡಾಗ ಮೂರು ದಿನ ನಮ್ಮ ಮನೆಯಲ್ಲೇ ನಿಂತು ಎಲ್ಲ ನೋಡಿಕೊಂಡವರು. ಇದನ್ನು ಹೇಳುವುದು ನನ್ನ ತಪ್ಪಿಗೆ ನೆಪ ಹುಡುಕಲಿಕ್ಕಲ್ಲ. ಕೆಟ್ಟವರ ಮಾತು ಕೇಳಿ ಕೆಟ್ಟೆ ಎಂದು ಹೇಳಿ ಪಾರಾಗುವ ದಾರಿಯೂ ನನಗಿಲ್ಲ ಎಂದು ತಿಳಿಸಲಿಕ್ಕೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನಾನು ಮೀನುಗಾರರ ಮನೆಯವಳು. ಅಪ್ಪ ಬೋಟಿನಲ್ಲಿದ್ದರು, ಅಜ್ಜಿ ಕಲ್ಯಾಣಪುರದಿಂದ ಸಂತೆಕಟ್ಟೆಯವರೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಆಫೀಸಿನಲ್ಲಿ ನಾನು ಇದನ್ನು ಹೇಳಿಕೊಂಡು ತಿರುಗುತ್ತಿರಲಿಲ್ಲ, ಹಾಗೆಂದು ಮುಚ್ಚಿಡುತ್ತಲೂ ಇರಲಿಲ್ಲ ಎಂದು ಬರೆಯಹೊರಟಿದ್ದೆ. ಅದು ಸುಳ್ಳು. ಮುಚ್ಚಿಡುತ್ತಿದ್ದೆ. ಊಟದ ಡಬ್ಬಿಯಲ್ಲಿ ಮೀನು ಒಯ್ಯುತ್ತಿರಲಿಲ್ಲ, ಯಾರಾದರೂ “ನಿಮ್ಮ ತಂದೆ ಎಂತ ಮಾಡಿಕೊಂಡಿದ್ರು?” ಎಂದು ಕೇಳಿದರೆ “ಬಿಸಿನೆಸ್” ಎನ್ನುತ್ತಿದ್ದೆ.

ಆ ವರ್ಷ ಮಣಿಪಾಲದಲ್ಲಿ ವಿದ್ಯಾರ್ಥಿಗಳ ಒಂದು ಹಾಸ್ಟೆಲ್ ಕಟ್ಟಡ ನಮ್ಮ ಕೈಯಲ್ಲಿತ್ತು. ನಾಲ್ಕು ಮಾಳಿಗೆ, ಮೇಲೆ ತಾರಸಿ, ತಾರಸಿಗೆ ಶೀಟು. ಹೊಸ ವಿದ್ಯಾರ್ಥಿಗಳು ಬರುವುದರೊಳಗೆ ಬಿಟ್ಟುಕೊಡಬೇಕೆಂದು ಕಟ್ಟಡದ ಮಾಲೀಕರ ಒತ್ತಾಯ. ಶೀಟಿನ ಕೆಲಸ ನಮ್ಮವರು ಮಾಡುವಂಥದ್ದಲ್ಲ. ಅದಕ್ಕೆ ಕಾರ್ಕಳದ ಹಮೀದಾಕನಿಗೆ ಸಬ್ ಕಂಟ್ರಾಕ್ಟ್ ಕೊಟ್ಟಿದ್ದೆವು. ಅರವತ್ತರ ಹತ್ತಿರದ ಬ್ಯಾರಿ ಹಿರಿಯರು, ಬಿಳಿ ಗಡ್ಡ, ವೆಲ್ಡಿಂಗ್ ಮಾಡಿ ಮಾಡಿ ಕಣ್ಣು ಸದಾ ಕೆಂಪು. ಕೆಲಸ ಅಚ್ಚುಕಟ್ಟು, ಕಾಗದಪತ್ರ ಸೊನ್ನೆ.

ಕಾಗದಪತ್ರ ನೋಡುವುದು ನನ್ನ ಕೆಲಸ. ನಮ್ಮ ಕಂಪೆನಿಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಇದ್ದದ್ದು ನಮ್ಮ ರೋಲಿನ, ಎಂದರೆ ನಮ್ಮ ಸಂಬಳದ ಪಟ್ಟಿಯ, ಹನ್ನೊಂದು ಜನ ಮಾತ್ರ. ಸಬ್‌ನವರು ತಮ್ಮ ಕೆಲಸದವರಿಗೆ ತಾವೇ ಪಾಲಿಸಿ ಮಾಡಿಸಬೇಕು, ಅದರ ಪ್ರತಿಯನ್ನು ನಾನು ನೋಡಿ, ಒಂದು ಫಾರ್ಮಿನಲ್ಲಿ ಗುರುತು ಹಾಕಿ, ಆಮೇಲೆ ಅವರನ್ನು ಮೇಲೆ ಹತ್ತಲು ಬಿಡಬೇಕು. ಹಮೀದಾಕನ ಹತ್ತಿರ ಕೇಳಿದೆ.

“ಪಾಲಿಸಿ ಉಂಟಾ ಹಮೀದಾಕ?”

“ಮಾಡಿಸ್ಲಿಕ್ಕೆ ಹೇಳಿದ್ದೇನೆ ಮೇಡಂ. ನಾಳೆ ತಂದುಕೊಡ್ತೇನೆ, ಆಗ್ಬಹುದಲ್ವಾ?”

ಆಕಾಶ ನೋಡಿದೆ. ಆ ವರ್ಷ ಮಳೆ ತಡ ಎಂದಿದ್ದರು, ಆದರೆ ಪಡುವಣದ ಕಡೆ ಕಪ್ಪು ಕಟ್ಟಿತ್ತು. ಇನ್ನೆರಡು ವಾರ ಸಿಕ್ಕಿದರೆ ಪುಣ್ಯ. “ನಾಳೆ ತನ್ನಿ,” ಎಂದು ಹೇಳಿ, ಆ ಫಾರ್ಮಿನಲ್ಲಿ ‘ಸಬ್ ಕಂಟ್ರಾಕ್ಟರ್ ಪಾಲಿಸಿ ಪರಿಶೀಲಿಸಲಾಗಿದೆ’ ಎಂಬ ಸಾಲಿನ ಮುಂದೆ ಗುರುತು ಹಾಕಿ ಸಹಿ ಮಾಡಿದೆ. ನಾಳೆ ತರುವ ಕಾಗದಕ್ಕೆ ಇವತ್ತು ಗುರುತು ಹಾಕಿದರೆ ಎಂತ ಆಗ್ತದೆ ಎನ್ನುವ ಧೈರ್ಯ. ಆ ನಾಳೆ ಬರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಜೂನ್ ಒಂದಕ್ಕೆ ಬೋಟುಗಳು ನಿಂತವು. ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಅದರ ಮರುದಿನವೇ ಹಮೀದಾಕ ಹೊಸಬರೊಬ್ಬರನ್ನು ಕರೆತಂದರು. ಹೆಜಮಾಡಿಯ ಸುಂದರಣ್ಣ. ನಲವತ್ತೈದರ ಆಸುಪಾಸು, ಕಪ್ಪಗೆ ಗಟ್ಟಿ ಆಳು, ಮಾತು ಕಡಿಮೆ. ವರ್ಷದ ಹತ್ತು ತಿಂಗಳು ಮಲ್ಪೆಯ ಬೋಟಿನಲ್ಲಿ, ಬೋಟು ನಿಂತ ಎರಡು ತಿಂಗಳು ಹಮೀದಾಕನ ಜೊತೆ ಶೀಟಿನ ಕೆಲಸದಲ್ಲಿ, ಇದು ಅವರ ಕ್ರಮವಂತೆ. ಬರಿಗಾಲಿನಲ್ಲಿ ಕಬ್ಬಿಣದ ಪಟ್ಟಿಯ ಮೇಲೆ ನಡೆಯುತ್ತಿದ್ದರು. ಕೆಳಗಿನಿಂದ ಶೀಟು ಎಳೆಯಲು ಅವರು ಹಗ್ಗಕ್ಕೆ ಹಾಕುತ್ತಿದ್ದ ಗಂಟು ಗಾಳಿಗೂ ಸಡಿಲುತ್ತಿರಲಿಲ್ಲ, ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚುತ್ತಿತ್ತು. ನಮ್ಮ ರೋಲಿನವರು ಕೆಲಸ ಬಿಟ್ಟು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು, ನಾನು ಬೈದು ಕಳಿಸುತ್ತಿದ್ದೆ.

ಒಂದು ದಿನ ಚಾ ಹೊತ್ತಿಗೆ ಬಾಯಿ ತಪ್ಪಿ ಕೇಳಿದೆ: “ಬೋಟು ಮೇಲೆ ಹಾಕಿ ಆಯ್ತಾ ಸುಂದರಣ್ಣ?”

ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಬೋಟು ದಡಕ್ಕೆ ಕಟ್ಟುವುದು ಬೇರೆ, ನೀರಿನಿಂದ ಎಳೆದು ಮೇಲೆ ಹಾಕುವುದು ಬೇರೆ ಎಂದು ಗೊತ್ತಿರುವವರು ಮಾತ್ರ ಹಾಗೆ ಕೇಳುತ್ತಾರೆ.

“ನೀವು ನಮ್ಮ ಜನವಾ ಅಕ್ಕಾ?” ಎಂದರು.

ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು “ಹೌದು” ಎಂದೆ. ಮೆಲ್ಲಗೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನ ಮನೆಯಿಂದ ಒಣಮೀನಿನ ಚಟ್ನಿ ತಂದುಕೊಟ್ಟರು. ಹೆಂಡತಿ ಗಿರಿಜಕ್ಕ ಮಾಡಿದ್ದಂತೆ. ನಮ್ಮ ಹುಡುಗಿಯೊಬ್ಬಳು ಹೆಲ್ಮೆಟ್ ಹಾಕಿಕೊಂಡು ಇಷ್ಟು ದೊಡ್ಡ ಕೆಲಸ ನಡೆಸುತ್ತಾಳೆಂದು ಹೇಳಿದ್ದಕ್ಕೆ ಗಿರಿಜಕ್ಕ ನಂಬಲೇ ಇಲ್ಲವಂತೆ. ಡಬ್ಬಿಯನ್ನು ನಾನು ಸ್ಕೂಟರಿನ ಸೀಟಿನ ಕೆಳಗೆ ಬಚ್ಚಿಟ್ಟು ಮನೆಗೆ ತಂದೆ.

ಅವರು ಬಿದ್ದದ್ದು ಅದಾಗಿ ನಾಲ್ಕನೆಯ ದಿನ. ಬೆಳಿಗ್ಗೆ ಸಣ್ಣ ಹನಿ ಬಿದ್ದಿತ್ತು. ಶೀಟಿನ ಮೇಲೆ ಹನಿ ಬಿದ್ದರೆ ಅರ್ಧ ಗಂಟೆ ಕಾಯಬೇಕು. ಮಾಲೀಕರು ಎರಡು ಸಲ ಫೋನ್ ಮಾಡಿದ್ದರು, ನಾನು ಹಮೀದಾಕನಿಗೆ “ಮೇಲೆ ಹತ್ತಿಸಿ, ಬಿಸಿಲು ಬಂತಲ್ಲ” ಎಂದೆ. ಬಿಸಿಲು ಬಂದಿತ್ತು, ತಗಡು ಒಣಗಿರಲಿಲ್ಲ. ಸುಂದರಣ್ಣ ಅಂಚಿನಲ್ಲಿ ಸ್ಕ್ರೂ ಹಾಕುತ್ತಿದ್ದವರು ಹಿಂದಕ್ಕೆ ಸರಿದರು, ಕಾಲು ಜಾರಿತು. ಕೆಳಗಿನ ಮಾಳಿಗೆಯ ಬಾಲ್ಕನಿಯ ಮೇಲೆ ನಿಂತ ಹಾಗೆಯೇ, ಎರಡೂ ಕಾಲೂರಿ ಬಿದ್ದರು. ಅದಕ್ಕೇ ಜೀವ ಉಳಿಯಿತು, ಅದಕ್ಕೇ ಬಲಗಾಲಿನ ಹಿಮ್ಮಡಿಯ ಮೂಳೆ ಪುಡಿಯಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನೇ. ಕೌಂಟರಿನ ಹುಡುಗಿ ಫಾರ್ಮು ತುಂಬಿಸುತ್ತಾ ಕೇಳಿದಳು: “ಪೇಶಂಟ್ ನಿಮಗೆ ಎಂತ ಆಗ್ಬೇಕು?”

“ನಮ್ಮ ಜನ,” ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಆ ಹೊತ್ತಿಗೆ ನನ್ನ ಚೂಡಿದಾರದ ಮೇಲೆ ಅವರ ರಕ್ತವಿತ್ತು, ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿದ್ದೆ. ಬೇರೆ ಏನು ಹೇಳುವುದೆಂದು ಹೊಳೆಯಲಿಲ್ಲ. ಹುಡುಗಿ ನನ್ನ ಕುತ್ತಿಗೆಯ ಐಡಿ ಕಾರ್ಡು ನೋಡಿ ‘ಕಂಪೆನಿಯ ಕೆಲಸದವರು’ ಎಂದು ಬರೆದುಕೊಂಡಳು. ನಾನು ಅದನ್ನು ಓದಿ ಕೆಳಗೆ ಸಹಿ ಹಾಕಿದೆ. ಆ ಇಡೀ ಮಳೆಗಾಲದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಬಾವು ಇಳಿದ ಮೇಲೆ, ಮೂರು ವಾರದೊಳಗೆ ಆಪರೇಷನ್ ಮಾಡಿ ಪ್ಲೇಟು ಹಾಕಬೇಕು. ಮಾಡಿದರೆ ಈ ವರ್ಷ ಅಲ್ಲದಿದ್ದರೂ ಮುಂದಿನ ವರ್ಷ ಬೋಟಿಗೆ ಹೋಗಬಹುದು. ತಡವಾದರೆ ಮೂಳೆ ಹೇಗೆ ಒಡೆದಿದೆಯೋ ಹಾಗೆಯೇ ಕೂಡಿಕೊಳ್ಳುತ್ತದೆ, ಆಮೇಲೆ ಸಪಾಟು ನೆಲದಲ್ಲಿ ನಡೆಯಬಹುದು, ಅಲುಗಾಡುವ ಜಾಗದಲ್ಲಿ ನಿಲ್ಲಲಾಗುವುದಿಲ್ಲ. ಅಲುಗಾಡದ ಬೋಟು ಎಲ್ಲಿರುತ್ತದೆ. ಸುದ್ದಿ ತಿಳಿದು ಬಂದಿದ್ದ ಗಿರಿಜಕ್ಕ ಡಾಕ್ಟರ ಮುಖವನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು. ಪ್ರಭಾಕರ ಸರ್ ಫೋನಿನಲ್ಲಿ “ಎಲ್ಲ ನೋಡಿಕೊಳ್ಳುವ, ಹೆದರುದು ಬೇಡ ಹೇಳು” ಎಂದಿದ್ದರು. ನಾನು ಹಾಗೆಯೇ ಹೇಳಿದೆ.

ಮೂರನೆಯ ದಿನ ಸರ್ ನನ್ನನ್ನು ಛೇಂಬರಿಗೆ ಕರೆದರು. ಅಲ್ಲಿ ಅವರ ವಕೀಲರು ಕೂತಿದ್ದರು. ಹಮೀದಾಕನ ಪಾಲಿಸಿ ಕೇಳಿದರೆ ಇಲ್ಲವೇ ಇಲ್ಲ ಎಂದು ತಿಳಿದಿತ್ತು. ನಮ್ಮ ಪಾಲಿಸಿಗೆ ಸುಂದರಣ್ಣ ಸೇರುವುದಿಲ್ಲ. ವಕೀಲರು ಹೇಳಿದ್ದು ಇಷ್ಟು: ಈಗ ಆಪರೇಷನ್ನಿಗೆ ದುಡ್ಡು ಕೊಟ್ಟರೆ ಜವಾಬ್ದಾರಿ ಒಪ್ಪಿಕೊಂಡ ಹಾಗೆ. ಕಾಲು ಸರಿಯಾಗದಿದ್ದರೆ ಮುಂದಿನದೆಲ್ಲ ನಮ್ಮ ತಲೆಗೇ ಬರುತ್ತದೆ. ಕೊಡುವುದನ್ನು ನಿಲ್ಲಿಸಿ. ಲೇಬರ್ ಆಫೀಸಿನಿಂದ ವಿಚಾರಣೆಗೆ ಕರೆಯುತ್ತಾರೆ, ಆಗ ಆ ಮನುಷ್ಯ ಕೆಲಸಕ್ಕೆ ಬಂದವನೇ ಅಲ್ಲ ಎಂದು ಹೇಳಿದರೆ ಮುಗಿಯಿತು.

“ಅವರು ಕೆಲಸಕ್ಕೇ ಬಂದದ್ದಲ್ವಾ ಸರ್,” ಎಂದೆ ನಾನು.

“ಹೌದು ಮಾರಾಯ್ತಿ, ನನಗೆ ಗೊತ್ತಿಲ್ವಾ?” ಎಂದರು ಪ್ರಭಾಕರ ಸರ್. ಮುಖ ಬಾಡಿತ್ತು. “ಹನ್ನೊಂದು ಜನರ ಮನೆ ನಡೀಬೇಕು. ನಾನು ಅವನಿಗೆ ಆಮೇಲೆ ಏನಾದರೂ ಕೊಡ್ತೇನೆ, ಬೇರೆ ರೀತಿಯಲ್ಲಿ.”

ವಕೀಲರು ಆಸ್ಪತ್ರೆಯ ಫಾರ್ಮಿನ ಪ್ರತಿ ಮುಂದಿಟ್ಟರು. “ಇದೊಂದು ತೊಡಕು. ನೀವೇ ಸಹಿ ಮಾಡಿದ್ದೀರಿ. ಅಲ್ಲಿ ನೀವು ಎಂತ ಹೇಳಿದ್ದು, ಸರಿಯಾಗಿ ಹೇಳಿ.”

“ನಮ್ಮ ಜನ ಅಂತ ಹೇಳಿದ್ದು.”

ಅವರು ಫಾರ್ಮನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಕೇಳಿದರು: “ಅವರು ನಿಮ್ಮ ಜಾತಿಯವರಾ?”

ಆರು ವರ್ಷದಲ್ಲಿ ಆ ಛೇಂಬರಿನಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ. ಹೌದೆಂದೆ. ವಕೀಲರ ಮುಖ ಅರಳಿತು. ನಮ್ಮ ಕಡೆ ‘ನಮ್ಮ ಜನ’ ಎಂದರೆ ನೆಂಟರು, ಜಾತಿಯವರು ಎಂದೇ ಅಲ್ಲವೇ ಅರ್ಥ? ಪರಿಚಯದವರು ನನ್ನನ್ನು ಕಾಣಲು ಬಂದಿದ್ದರು, ಕಟ್ಟಡ ನೋಡಲು ತಾವಾಗಿಯೇ ಮೇಲೆ ಹತ್ತಿದರು, ಬಿದ್ದರು. ನಾನು ಆಸ್ಪತ್ರೆಯಲ್ಲಿ ‘ನಮ್ಮ ಜನ’ ಎಂದದ್ದನ್ನು ಆ ಹುಡುಗಿ ತಪ್ಪಾಗಿ ಬರೆದುಕೊಂಡಳು. ಒಂದು ಮಾತಿನ ಅರ್ಥ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಆಗ ನಾನು ಎದ್ದು ಬರಬಹುದಿತ್ತು. ಬರಲಿಲ್ಲ. ಸರ್ ಅವರ ಋಣಕ್ಕೆ ಕಟ್ಟುಬಿದ್ದು ಬರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಆ ಫಾರ್ಮಿನ ಗುರುತು. ಪಾಲಿಸಿ ನೋಡಿದ್ದೇನೆ ಎಂದು ನೋಡದೆಯೇ ಹಾಕಿದ ನನ್ನ ಸಹಿ ಕಪಾಟಿನಲ್ಲಿತ್ತು. ಸುಂದರಣ್ಣ ಕೆಲಸದವರು ಎಂದಾದರೆ ಅದನ್ನು ಹೊರಗೆ ತೆಗೆಯುತ್ತಾರೆ. ಕೆಲಸದವರೇ ಅಲ್ಲ ಎಂದಾದರೆ ಅದನ್ನು ಯಾರೂ ನೋಡುವುದಿಲ್ಲ. ಇದನ್ನು ಸರ್ ಆಗಲಿ ವಕೀಲರಾಗಲಿ ಹೇಳಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಲೆಕ್ಕ ಹಾಕಿದ್ದು ನಾನೊಬ್ಬಳೇ.

ಮಣಿಪಾಲದ ಲೇಬರ್ ಆಫೀಸಿನವರು ಕರೆದದ್ದು ಸುಂದರಣ್ಣ ಬಿದ್ದ ಹದಿನಾರನೆಯ ದಿನ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮಣಿಪಾಲದ ಮಳೆ ಬೇರೆ, ಗುಡ್ಡದ ಮೇಲೆ ಗಾಳಿ ಅದನ್ನು ಅಡ್ಡಡ್ಡ ಒಯ್ಯುತ್ತದೆ, ಕೊಡೆ ಕೈಯಲ್ಲಿದ್ದರೂ ಸೊಂಟದಿಂದ ಕೆಳಗೆ ಒದ್ದೆ. ಆಫೀಸಿನ ಹೊರಗಿನ ಬೆಂಚಿನಲ್ಲಿ ಸುಂದರಣ್ಣ ಕೂತಿದ್ದರು, ಕಾಲಿಗೆ ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ಪಕ್ಕದಲ್ಲಿ ಗಿರಿಜಕ್ಕ. ಹಮೀದಾಕ ತಮ್ಮ ಹಳೆಯ ಜೀಪಿನಲ್ಲಿ ಅವರನ್ನು ಹೆಜಮಾಡಿಯಿಂದ ಕರೆತಂದಿದ್ದರು. ಅಷ್ಟು ದಿನದ ಆಸ್ಪತ್ರೆಯ ಖರ್ಚನ್ನೂ ತಮ್ಮಿಂದಾದಷ್ಟು ಹಮೀದಾಕನೇ ಕೊಟ್ಟಿದ್ದರು, ಆಪರೇಷನ್ನಿಗೆ ಅವರ ಕೈ ಸಾಲದು. ಸರಕಾರದ ಕಾರ್ಡಿನಲ್ಲಿ ಮಾಡಿಸೋಣವೆಂದರೆ ಗಲ್ಫಿನಲ್ಲಿರುವ ಸುಂದರಣ್ಣನ ಅಣ್ಣನ ಹೆಸರೂ ಅದೇ ಕಾರ್ಡಿನಲ್ಲಿ, ಬಡವರಲ್ಲ ಎನ್ನುವ ಎಪಿಎಲ್ ಕಾರ್ಡು, ಸಿಗುವುದು ಸ್ವಲ್ಪವೇ. ಉಳಿದದ್ದು ಈ ವಿಚಾರಣೆ ಒಂದೇ.

ಗಿರಿಜಕ್ಕ ಎದ್ದು ನಿಂತರು. “ನೀವು ಬಂದದ್ದು ಒಳ್ಳೆದಾಯ್ತು. ನೀವು ಹೇಳಿದ್ರೆ ಸಾಕು ಅಂತ ಇವರು ಹೇಳ್ತಾ ಇದ್ರು.”

ನಾನು ತಲೆಯಾಡಿಸಿ ಒಳಗೆ ಹೋದೆ.

ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ತೆಳ್ಳಗೆ, ನಿಧಾನವಾಗಿ ಮಾತಾಡುವವರು. ಹಮೀದಾಕನ ಹೇಳಿಕೆ ಆಗಲೇ ಬರೆದುಕೊಂಡಿದ್ದರು. ಅವರ ಮುಂದೆ ಹಮೀದಾಕ ಯಾವ ನೆಪವನ್ನೂ ಹೇಳಿರಲಿಲ್ಲ. ಸುಂದರ ನನ್ನ ಕೆಲಸದವ, ನಾನು ಇನ್ಶೂರೆನ್ಸ್ ಮಾಡಿಸಿರಲಿಲ್ಲ, ಮೇಡಂ ಕೇಳಿದ್ರು, ನಾಳೆ ಅಂದೆ, ತಪ್ಪು ನನ್ನದು. ನಾನು ವಕೀಲರು ಟೈಪು ಮಾಡಿಸಿಕೊಟ್ಟ ಕಾಗದ ಕೊಟ್ಟೆ. ಅವರು ಓದಿದರು, ಆಸ್ಪತ್ರೆಯ ಫಾರ್ಮು ತೆಗೆದರು.

“ಇಲ್ಲಿ ಕಂಪೆನಿಯ ಕೆಲಸದವರು ಅಂತ ಉಂಟಲ್ಲ?”

“ನಾನು ಹೇಳಿದ್ದು ನಮ್ಮ ಜನ ಅಂತ,” ಎಂದೆ. “ನಮ್ಮ ಕಡೆ ಹಾಗೆ ಅಂದ್ರೆ ಜಾತಿಯವರು ಅಂತ. ನಾವು ಮೀನುಗಾರರು.”

ಆರು ವರ್ಷ ಬಚ್ಚಿಟ್ಟದ್ದನ್ನು ನಾನು ಮೊದಲ ಬಾರಿ ಒಂದು ಸರಕಾರಿ ಆಫೀಸಿನಲ್ಲಿ ಗಟ್ಟಿಯಾಗಿ ಹೇಳಿದ್ದು ಹೀಗೆ. ನನ್ನ ಅಜ್ಜಿಯ ಬುಟ್ಟಿಯನ್ನು ನಾನು ಹೊರಗೆ ತೆಗೆದದ್ದು ಅವಳಂಥದೇ ಮನೆಯ ಒಬ್ಬನ ಅನ್ನ ತೆಗೆಯಲಿಕ್ಕೆ. ಹೇಳುವಾಗ ನಾಲಗೆ ತಡವರಿಸಲೂ ಇಲ್ಲ.

ಅಧಿಕಾರಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. “ನಿಮಗೊಂದು ಹೇಳ್ತೇನೆ ಮೇಡಂ,” ಎಂದರು. “ಅವರು ಯಾರ ರೋಲಿನಲ್ಲಿದ್ದಾರೆ ಅಂತ ಕಾನೂನು ಕೇಳುವುದಿಲ್ಲ. ಕೆಲಸ ನಿಮ್ಮ ಕಂಪೆನಿಯದ್ದು, ಜಾಗ ನಿಮ್ಮ ಕೈಯಲ್ಲಿದ್ದದ್ದು. ಸಬ್‌ನವರ ಹತ್ತಿರ ಇನ್ಶೂರೆನ್ಸ್ ಇರಲಿ, ಇಲ್ಲದಿರಲಿ, ಗಾಯವಾದವರಿಗೆ ಮೊದಲು ಕೊಡಬೇಕಾದವರು ನಿಮ್ಮವರು. ಆಮೇಲೆ ಅದನ್ನು ಸಬ್‌ನವರಿಂದ ವಸೂಲು ಮಾಡಿಕೊಳ್ಳಬಹುದು. ನಿಮ್ಮ ಮತ್ತು ಹಮೀದರ ಹೇಳಿಕೆ ಒಂದೇ ಇದ್ದಿದ್ದರೆ ನಾನು ಇವತ್ತೇ ನಿಮ್ಮ ಕಂಪೆನಿಯವರನ್ನು ಕರೆದು ಆಪರೇಷನ್ನಿಗೆ ಕಟ್ಟಿಸುತ್ತಿದ್ದೆ. ಸಾಧಾರಣ ಯಾರೂ ಇಲ್ಲ ಅನ್ನುವುದಿಲ್ಲ. ಈಗ ನೀವು ಅವರು ಕೆಲಸದವರೇ ಅಲ್ಲ ಅಂತೀರಿ. ಅದನ್ನು ತೀರ್ಮಾನ ಮಾಡ್ಲಿಕ್ಕೆ ನನಗಾಗುವುದಿಲ್ಲ. ಕೋರ್ಟಿಗೆ ಹೋಗ್ತದೆ.”

“ಎಷ್ಟು ಸಮಯ ಬೇಕು?”

“ವರ್ಷ, ಎರಡು ವರ್ಷ.” ಅವರು ಪೆನ್ನು ನನ್ನ ಕಡೆ ಚಾಚಿದರು. “ಇನ್ನೊಮ್ಮೆ ಓದಿ ಸಹಿ ಮಾಡಿ. ಬದಲಿಸುವುದಿದ್ದರೆ ಈಗಲೇ ಬದಲಿಸಬಹುದು.”

ಅಂದರೆ ಕಾನೂನು ಸುಂದರಣ್ಣನ ಕಡೆಗೇ ಇತ್ತು. ವಕೀಲರಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಅವರು ನನ್ನ ಬಾಯಿಂದ ಆ ಮಾತು ಹೇಳಿಸಿದ್ದು. ಆ ಕ್ಷಣದಲ್ಲಿ ನನಗೆ ಎಲ್ಲ ಅರ್ಥವಾಯಿತು. ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗಿಲ್ಲ. ಮೂರು ವಾರಕ್ಕೆ ಇನ್ನೂ ಐದು ದಿನ ಉಳಿದಿತ್ತು. ಬದಲಿಸಬಹುದು ಎಂದು ಆ ಹೆಂಗಸು ಬಾಯಿ ಬಿಟ್ಟು ಹೇಳಿದ್ದರು. ನನಗೆ ಕಪಾಟಿನ ಫಾರ್ಮು ನೆನಪಾಯಿತು. ಸಹಿ ಮಾಡಿದೆ.

ಹೊರಗೆ ಬಂದಾಗ ಮಳೆಯ ಸದ್ದಿಗೆ ಒಳಗಿನ ಮಾತು ಏನೂ ಕೇಳಿಸಿರಲಿಲ್ಲವೆಂದು ಅವರಿಬ್ಬರ ಮುಖ ನೋಡಿಯೇ ತಿಳಿಯಿತು. ಸುಂದರಣ್ಣ ಕೇಳಿದರು:

“ಹೇಳಿದಿರಾ ಅಕ್ಕಾ?”

“ಹೇಳಿದೆ,” ಎಂದೆ.

ಅದು ಸುಳ್ಳಲ್ಲ. ಹೇಳಿದ್ದೆ. ಗಿರಿಜಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. ನಾನು ಬಿಡಿಸಿಕೊಂಡು, ಕೊಡೆಯನ್ನೂ ಬಿಚ್ಚದೆ ಸ್ಕೂಟರಿನ ಕಡೆ ನಡೆದೆ.

ಮೂರು ವಾರ ಕಳೆಯಿತು, ನಾಲ್ಕು ಕಳೆಯಿತು. ಮಳೆ ಬಿಡಲಿಲ್ಲ. ಜುಲೈಯಲ್ಲಿ ಹಾಸ್ಟೆಲ್ಲಿನ ಕಟ್ಟಡ ಬಿಟ್ಟುಕೊಟ್ಟೆವು, ಶೀಟು ಒಂದು ಹನಿಯೂ ಸೋರಲಿಲ್ಲ. ಮಾಲೀಕರು ಸಿಹಿ ಹಂಚಿದರು, ನಾನೂ ತಿಂದೆ. ಒಂದು ಮಧ್ಯಾಹ್ನ ಹಮೀದಾಕ ಫೋನ್ ಮಾಡಿದರು. ಹಿಮ್ಮಡಿಯ ಮೂಳೆ ಕೂಡಿಕೊಂಡಿದೆಯಂತೆ, ಓರೆಯಾಗಿ. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲವೆಂದು ಡಾಕ್ಟರು ಹೇಳಿದರಂತೆ. “ನಿಮಗೆ ತಿಳಿಸುವ ಅಂತ ಮಾಡಿದೆ ಮೇಡಂ,” ಎಂದು ಫೋನ್ ಇಟ್ಟರು. ನನ್ನ ಹೇಳಿಕೆಯಲ್ಲಿ ಏನಿತ್ತು ಎಂದು ಅಧಿಕಾರಿ ಅವರಿಗೆ ಓದಿ ಹೇಳಿದ್ದರು, ಅದು ನನಗೆ ಆಮೇಲೆ ತಿಳಿಯಿತು. ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆನೇನೋ. ಅವರು ಬೈಯಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು. ಆ ವಾರ ಮಲ್ಪೆಯ ಕಡೆಗೆ ಒಂದು ಕೆಲಸವಿತ್ತು, ಬೇರೆಯವರನ್ನು ಕಳಿಸಿದೆ.

ಆ ಮಳೆಗಾಲ ಅಲ್ಲಿಗೆ ಮುಗಿಯಿತು, ಕೇಸು ಮುಗಿಯಲಿಲ್ಲ. ಎರಡು ವರ್ಷ ಉಡುಪಿಯ ಕೋರ್ಟಿನಲ್ಲಿ ಎಳೆಯಿತು. ಸೈಟಿನ ಫೋಟೋ, ಹಮೀದಾಕನ ಸಾಕ್ಷಿ, ನಮ್ಮ ರೋಲಿನವರೇ ಇಬ್ಬರ ಸಾಕ್ಷಿ, ಎಲ್ಲ ಸೇರಿ ನಮ್ಮ ಕಡೆಯ ವಾದ ನಿಲ್ಲುವುದಿಲ್ಲವೆಂದಾದಾಗ ಪ್ರಭಾಕರ ಸರ್ ರಾಜಿ ಮಾಡಿಕೊಂಡು ಪರಿಹಾರ ಕೊಟ್ಟರು. ಕಪಾಟಿನ ಫಾರ್ಮನ್ನು ಯಾರೂ ತೆಗೆಯಲಿಲ್ಲ, ನನ್ನನ್ನು ಸಾಕ್ಷಿಕಟ್ಟೆಗೆ ಕರೆಯುವ ಸಂದರ್ಭವೇ ಬರಲಿಲ್ಲ. ಕರೆದರೆ ನಿಜ ಹೇಳಬೇಕೆಂದು ನಿರ್ಧರಿಸಿದ್ದೆ ಎಂದು ಬರೆಯಲು ಆಸೆಯಾಗುತ್ತದೆ. ನಿರ್ಧರಿಸಿರಲಿಲ್ಲ. ಕರೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆ ಆಫೀಸು ಬಿಟ್ಟದ್ದೂ ಆಮೇಲೆ, ಹೆಬ್ರಿಯ ಕಡೆ ಹೆಚ್ಚು ಸಂಬಳದ ಕೆಲಸ ಸಿಕ್ಕಿತೆಂದು. ನಾಚಿಕೆಯಿಂದ ಕೆಲಸ ಬಿಟ್ಟವಳಲ್ಲ ನಾನು.

ಮೊನ್ನೆ ಕಿಟಕಿ ಹಾಕಿದ ಮೇಲೆ ಯಾಕೋ ಕೂರಲಾಗಲಿಲ್ಲ. ಹಮೀದಾಕನಿಗೆ ಫೋನ್ ಮಾಡಿ ಸುಂದರಣ್ಣ ಎಲ್ಲಿದ್ದಾರೆಂದು ಕೇಳಿದೆ. ಕಾಪುವಿನಲ್ಲಿ, ಹೆದ್ದಾರಿಯ ಬದಿಯ ಒಂದು ಬಟ್ಟೆಯಂಗಡಿಯಲ್ಲಿ ವಾಚ್‌ಮ್ಯಾನ್ ಎಂದರು. ನನ್ನ ಹೇಳಿಕೆಯ ವಿಷಯ ಸುಂದರಣ್ಣನಿಗೆ ತಾವು ಹೇಳಿಲ್ಲ ಎಂದೂ ಸೇರಿಸಿದರು. ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ, ಕಟಪಾಡಿಯ ಹೊತ್ತಿಗೆ ಎಲ್ಲ ಮರೆತುಹೋಗಿತ್ತು.

ನೀಲಿ ಸಮವಸ್ತ್ರದಲ್ಲಿ ಅಂಗಡಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಬಡಕಲಾಗಿದ್ದರು. ನನ್ನನ್ನು ಕಂಡದ್ದೇ ಗುರುತು ಹಿಡಿದು ಎದ್ದರು, ಬಲಗಾಲು ಊರುವಾಗ ಮೈ ಒಂದು ಕಡೆಗೆ ವಾಲಿತು. “ಬನ್ನಿ ಅಕ್ಕಾ, ಕೂತ್ಕೊಳ್ಳಿ,” ಎಂದು ತಮ್ಮ ಸ್ಟೂಲನ್ನೇ ಒರೆಸಿಕೊಟ್ಟರು. ನಾನು ಕೂರಲಿಲ್ಲ.

“ಪರಿಹಾರ ಬಂತು, ಗೊತ್ತುಂಟಾ?” ಎಂದರು. “ತಡ ಆಯ್ತು, ಆದರೂ ಬಂತು. ಕಂಪೆನಿಯವರು ಒಪ್ಪುದಿಲ್ಲ ಅಂತ ವಕೀಲರು ಹೇಳ್ತಾ ಇದ್ರು. ನಾನು ಗಿರಿಜೆಗೆ ಹೇಳಿದೆ, ಅಕ್ಕ ಒಳಗೆ ಹೋಗಿ ಹೇಳಿದ್ದಾರೆ, ಅದು ಹಾಳಾಗುದಿಲ್ಲ ಅಂತ.”

ಇನ್ನು ತಡೆದರೆ ಹೇಳಲಾರೆ ಎನ್ನಿಸಿ, ಹೇಳಿದೆ. ಪಾಲಿಸಿ ನೋಡದೆ ಹಾಕಿದ ಗುರುತು, ವಕೀಲರ ಕಾಗದ, ನೀವು ಕೆಲಸದವರೇ ಅಲ್ಲ, ನನ್ನನ್ನು ಕಾಣಲು ಬಂದವರು ಎಂದದ್ದು, ಜಾತಿಯವರು ಎಂದು ಅರ್ಥ ಬಿಡಿಸಿದ್ದು. ಅಧಿಕಾರಿ ಬದಲಿಸಿ ಎಂದರೂ ಬದಲಿಸದೆ ಸಹಿ ಮಾಡಿದ್ದು. ಅವರು ರಸ್ತೆಯ ಕಡೆ ನೋಡುತ್ತಿದ್ದರು. ಬಸ್ಸುಗಳು ಹೋಗುತ್ತಿದ್ದವು.

ಕಡೆಗೆ ಕೇಳಿದರು: “ಆ ದಿನ ನೀವು ಸರಿ ಹೇಳಿದ್ರೆ ಆಪರೇಷನ್ ಆಗ್ತಿತ್ತಾ?”

“ಆಗ್ತಿತ್ತು,” ಎಂದೆ.

ಗಿರಾಕಿಯೊಬ್ಬರು ಮಕ್ಕಳ ಜೊತೆ ಬಂದರು. ಸುಂದರಣ್ಣ ಕುಂಟುತ್ತಾ ಹೋಗಿ ಗಾಜಿನ ಬಾಗಿಲು ತೆರೆದು ಹಿಡಿದರು, ಎಲ್ಲರೂ ಒಳಗೆ ಹೋಗುವವರೆಗೆ ನಿಂತರು, ಮುಚ್ಚಿದರು. ತಿರುಗಿ ಬಂದು ಸ್ಟೂಲಿನ ಮೇಲೆ ಕೂತರು. ನಾನು ಇನ್ನೂ ಅಲ್ಲೇ ನಿಂತಿದ್ದೆ.

“ಗಿರಿಜೆಗೆ ಇದನ್ನು ಹೇಳುದು ಬೇಡ,” ಎಂದರು. “ಅವಳು ವರ್ಷ ವರ್ಷ ಇಲ್ಲಿ ಮಾರಿಗುಡಿಯಲ್ಲಿ ಮಕ್ಕಳ ಹೆಸರಿಗೆ ಹೂವಿನ ಪೂಜೆ ಮಾಡಿಸುವಾಗ ನಿಮ್ಮ ಹೆಸರಿಗೂ ಒಂದು ಮಾಡಿಸ್ತಾಳೆ. ಈ ವರ್ಷದ್ದು ಆಗಿಹೋಯ್ತು. ಮುಂದಿನ ವರ್ಷದಿಂದ ನಿಲ್ಲಿಸ್ಲಿಕ್ಕೆ ನಾನೇ ಏನಾದರೂ ಹೇಳ್ತೇನೆ.”